ಕೂಸಿನ ಹೆಸರಿನಲ್ಲಿ ಒಂದು ಲೆಕ್ಕದ ಪುಸ್ತಕ

ಕೂಸಿನ ಆರೋಗ್ಯ, ಅದಕ್ಕೆ ಬೇಕಾದ ರೊಕ್ಕ ಎರಡರ ಲೆಕ್ಕವನ್ನೂ ಬರೆದಿಡಲು ನೂರು ಹಾಳೆಯ ಒಂದು ನೋಟ್‌ಬುಕ್ ತನ್ನಿ. ಒಂದು ಬಾಲ್‌ಪೆನ್ನು, ಪೆನ್ನಿಗೆ ಕಟ್ಟಲು ಒಂದು ಮೊಳ ದಾರ. ದಾರ ಕಟ್ಟದಿದ್ದರೆ ಪೆನ್ನು ಮೂರನೇ ದಿನಕ್ಕೆ ಸಾಲಿ ಹುಡುಗರ ಚೀಲ ಸೇರುತ್ತದೆ. ಮನೆಯಲ್ಲಿ ಸೊಸೆಯೋ ಮಗಳೋ ಬಸುರಿ ಎಂದು ಗೊತ್ತಾದ ವಾರವೇ ಪುಸ್ತಕ ಶುರುವಾಗಬೇಕು, ಕೂಸಿಗೆ ಐದು ತುಂಬುವವರೆಗೆ ನಡೆಯಬೇಕು. ಅಡುಗೆಮನೆಯಲ್ಲಿ, ತಪಾಸಣೆ-ಲಸಿಕೆ ಬರೆಯುವ ತಾಯಿ ಕಾರ್ಡಿನ ಪಕ್ಕದ ಮೊಳೆಗೆ ತೂಗುಹಾಕಿ. ದೇವರ ಜಗಲಿ ಮೇಲೆ ಇಟ್ಟರೆ ಯಾರೂ ಮುಟ್ಟುವುದಿಲ್ಲ.

ನಾನು 31 ವರ್ಷ ಎಎನ್‌ಎಂ (ಹಳ್ಳಿಗಳ ಸರ್ಕಾರಿ ಆರೋಗ್ಯ ಸಹಾಯಕಿ) ಆಗಿ ರೋಣ, ಶಿರಹಟ್ಟಿ, ಕೊನೆಗೆ ಬ್ಯಾಡಗಿ ತಾಲ್ಲೂಕುಗಳ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿದವಳು. ಎಳೆಯರು ‘ಸಿಸ್ಟರ್’ ಎನ್ನುತ್ತಿದ್ದರು, ಮುದುಕಿಯರಿಗೆ ನಾನು ಕಡೆತನಕ ‘ನರ್ಸಬಾಯಿ’. ಈ ಪುಸ್ತಕ ಮಾಡಿಸುವ ರೂಢಿ ನನಗೆ ಯಾವ ತರಬೇತಿಯಲ್ಲೂ ಬಂದದ್ದಲ್ಲ.

1996ರ ಜೂನ್. ಗದಗ ಆಗಿನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಹೆಸರು ಬಿತ್ತನೆಯ ದಿನಗಳು. ಐದು ತಿಂಗಳ ಗಂಡುಕೂಸು, ಮೂರು ದಿನದ ಕೆಮ್ಮು. ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ: 64. ಪಕ್ಕೆ ಒಳಗೆ ಜಗ್ಗುತ್ತಿದ್ದವು. ‘ಇವತ್ತ ಗದಗಿಗೆ ಒಯ್ಯಬೇಕವ್ವಾ, ನಾಳೆ ಅನಬ್ಯಾಡ’ ಅಂದೆ. ತಾಯಿ ತಲೆ ಆಡಿಸಿದಳು. ಕೋಟ್ರೈಮಾಕ್ಸಜೋಲ್‌ನ ಮೊದಲ ಡೋಸು ಕುಡಿಸಿ, ಚೀಟಿ ಬರೆದುಕೊಟ್ಟು, ಮುಂದಿನ ಹಳ್ಳಿಗೆ ನಡೆದೆ.

ಆ ಮನೆಯಲ್ಲಿ ಬೀಜ-ಗೊಬ್ಬರಕ್ಕೆಂದು ತೆಗೆದಿಟ್ಟ ಹನ್ನೊಂದು ನೂರು ರೂಪಾಯಿ ಇತ್ತು. ಟ್ರಂಕಿನಲ್ಲಿ. ಕೀಲಿಕೈ ಗಂಡನ ಉಡದಾರದಲ್ಲಿ, ಗಂಡ ಬೀಗರ ಮಣ್ಣಿಗೆ ಹೋಗಿದ್ದ. ‘ಅಂವ ಬರ್ಲಿ, ಕೇಳಿ ಹೋಗೂಣು’ ಅಂದಳಂತೆ ಅತ್ತೆ. ಕೀಲಿ ಒಡೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೊಸೆ ಒಡೆಯುವ ಕೀಲಿ ಅಲ್ಲ ಅದು. ಅವನು ಬಂದದ್ದು ಮರುದಿನ ಮಧ್ಯಾಹ್ನ. ಬಸ್ಸಿನ ದಾರಿ ಕಾಯುತ್ತ ಕೂತಿದ್ದಾಗ ಬೇವಿನ ಗಿಡದ ಕೆಳಗೆ ಕೂಸು ಹೋಯಿತು.

ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿಗೆ ‘ನ್ಯುಮೋನಿಯಾ’ ಎಂದು ಬರೆದೆ. ಬರೆದದ್ದು ತಪ್ಪಲ್ಲ. ಆದರೆ ನಾನು ಉಸಿರು ಎಣಿಸಿದ್ದೆ, ರೊಕ್ಕ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ಕೇಳಿರಲಿಲ್ಲ.

ಅದಕ್ಕೇ ಪುಸ್ತಕದ ಮೊದಲ ಹಾಳೆ ರೊಕ್ಕದ್ದು. ಎಷ್ಟಿದೆ ಅಂತಲ್ಲ, ಯಾರ ಕೈಯಲ್ಲಿದೆ ಅಂತ. ನಾಲ್ಕು ಸಾಲು ಬರೆಯಿರಿ. ಮನೆಯ ರೊಕ್ಕ ಯಾರ ಹತ್ತಿರ ಇರುತ್ತದೆ? ಅವರು ಊರಲ್ಲಿ ಇಲ್ಲದಾಗ ಯಾರ ಹತ್ತಿರ? ಯಾರನ್ನೂ ಕೇಳದೆ ಸೊಸೆ ಎಷ್ಟು ಖರ್ಚು ಮಾಡಬಹುದು? ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ ಓಣಿಯಲ್ಲಿ ಯಾರು ಕೈಗಡ ಕೊಡುತ್ತಾರೆ? ಮೂರನೇ ಸಾಲು ಬರೆಸುವಾಗ ಹೆಚ್ಚಿನ ಮನೆಗಳಲ್ಲಿ ಮೌನ. ಒಂದು ಕಡೆ ಮಾವನವರೇ ನಕ್ಕು, ‘ಬರಕೊಳ್ರಿ ಸಿಸ್ಟರ್, ಸೊನ್ನಿ’ ಅಂದರು. ಆ ಸೊನ್ನೆ ಅಳಿಸಿ ಐದುನೂರು ಮಾಡಿಸಲು ನಾಲ್ಕು ಸಲ ಹೋದೆ.

ಈಗ ಯಾರಾದರೂ ಹೇಳಬಹುದು: 108 ಪುಕ್ಕಟೆ, ಸರ್ಕಾರಿ ದವಾಖಾನೆ ಪುಕ್ಕಟೆ, ರೊಕ್ಕದ ಮಾತೇಕೆ? ನಿಜ. 108 ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಓಡುತ್ತಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ತಾಯಿಯ ಊಟ ಯಾವುದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ; ಒಂದು ವರ್ಷದೊಳಗಿನ ಕೂಸು ಕಾಯಿಲೆ ಬಿದ್ದರೂ ಅಷ್ಟೇ. ಆದರೆ ಬ್ಯಾಡಗಿ ತಾಲ್ಲೂಕಿನ ಒಂದು ಮನೆಯಲ್ಲಿ ಕೂತು ಮೂರು ದಿನದ ‘ಪುಕ್ಕಟೆ’ಯ ಲೆಕ್ಕ ಹಾಕಿದೆವು. ಗಂಡನ ಕೂಲಿ ದಿನಕ್ಕೆ 500, ಹೆಂಡತಿಯದು 300, ಮೂರು ದಿನಕ್ಕೆ ಹೋದದ್ದು 2,400. ಜೊತೆಗಿದ್ದವರ ಊಟ-ಚಹಾ 600. ಹೋಗಿ ಬರುವ ಆಟೊ, ಬಸ್ಸು 200. ಅದೇ ವಾರ ಕಟ್ಟಬೇಕಾದ ಹೆಣ್ಣುಮಕ್ಕಳ ಸಂಘದ ಸಾಲದ ಕಂತು 750. ಒಟ್ಟು 3,950. ಎರಡನೇ ದಿನವೇ ‘ಕೂಸು ಆರಾಮ ಐತ್ರಿ, ಬಿಡ್ರಿ’ ಎಂದು ಸಹಿ ಹಾಕಿ ಬರುವವರನ್ನು ದಡ್ಡರು ಅಂತ ಬಯ್ಯುವ ಮೊದಲು ಈ ಲೆಕ್ಕ ನೋಡಬೇಕು. ಕಂತಿನ ದಿನ ಮನೆ ಮುಂದೆ ಸಂಘದ ಹೆಣ್ಣುಮಕ್ಕಳೆಲ್ಲ ಬಂದು ಕೂತರೆ ಏನಾಗುತ್ತದೆ ಅಂತ ಆ ತಾಯಿಗೆ ಗೊತ್ತು.

ಆದ್ದರಿಂದ ನಿಮ್ಮ ಮನೆಯ ಮೂರು ದಿನದ ಲೆಕ್ಕ ನೀವೇ ಹಾಕಿ, ಅಷ್ಟು ರೊಕ್ಕವನ್ನು ಏಳನೇ ತಿಂಗಳೊಳಗೆ ಬೇರೆ ಮಾಡಿ. ವಾರಕ್ಕೆ ನೂರೋ ಇನ್ನೂರೋ. ಸಂಘದಲ್ಲಿ ಮೊದಲೇ ಹೇಳಿ, ಹೆರಿಗೆ ತಿಂಗಳ ಕಂತು ಮುಂದೂಡುವುದಾಗಿ ಬರೆಸಿಕೊಳ್ಳಿ. ಕೇಳಿದರೆ ಕೆಲವು ಸಂಘಗಳು ಒಪ್ಪುತ್ತವೆ. ರೊಕ್ಕ ಬ್ಯಾಂಕಿನಲ್ಲಿ ಬೇಡ, ಟ್ರಂಕಿನಲ್ಲೂ ಬೇಡ. ಜೋಳದ ಡಬ್ಬಿಯೋ ಸಾಸಿವೆ ಡಬ್ಬಿಯೋ, ತಾಯಿಯ ಕೈಗೆ ಎಟಕುವ ಜಾಗ. ಆ ರೊಕ್ಕ ಕೂಸಿನದು ಅಂತ ಮನೆಯ ಹಿರಿಯರ ಬಾಯಿಂದಲೇ ಎಲ್ಲರೆದುರು ಹೇಳಿಸಿ. ನಾನು ಹೇಳಿದರೆ ನರ್ಸಬಾಯಿಯ ಮಾತು, ಅತ್ತೆ ಹೇಳಿದರೆ ಮನೆಯ ಮಾತು.

ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಮನೆಯಲ್ಲೂ ಇದನ್ನು ಕೇಳಿ. ಆ ರೊಕ್ಕ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವಳ ಖಾತೆಗೆ ಬರುತ್ತದೆ, ಕೂಡು ಮನೆಯಲ್ಲಿ ಅವಳು ಅತ್ತೆ. ಕೂಸು ಸೊಸೆಯ ತೊಡೆಯ ಮೇಲೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಐದು ಸಾವಿರ (ಎರಡನೆಯದು ಹೆಣ್ಣಾದರೆ ಆರು ಸಾವಿರ) ಮಾತ್ರ ಹೆತ್ತವಳ ಖಾತೆಗೇ ಬರುವುದು. ಅದಕ್ಕೆ ಅವಳ ಹೆಸರಿನ ಖಾತೆ, ಆಧಾರ್ ಜೋಡಣೆ ಬೇಕು. ತವರಿನ ಹೆಸರು, ಗಂಡನ ಮನೆ ಹೆಸರು ತಾಳೆಯಾಗದೆ ತಿಂಗಳುಗಟ್ಟಲೆ ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಮೂರನೇ ತಿಂಗಳಲ್ಲೇ ಸರಿ ಮಾಡಿಸಿ.

ಧಾರವಾಡದಲ್ಲಿ ಒಮ್ಮೆ ತರಬೇತಿಗೆ ಹೋದಾಗ ಒಬ್ಬ ಪ್ರೊಫೆಸರು ಬೋರ್ಡಿನ ಮೇಲೆ ಒಂದು ಚಿತ್ರ ಬರೆದಿದ್ದರು. ಮೋಸ್ಲಿ ಮತ್ತು ಚೆನ್ ಎಂಬ ಇಬ್ಬರು 1984ರಲ್ಲಿ ಬಡ ದೇಶಗಳ ಮಕ್ಕಳ ಸಾವಿನ ಬಗ್ಗೆ ಹೇಳಿದ್ದು. ಬಡತನ ಕೂಸನ್ನು ನೇರವಾಗಿ ಕೊಲ್ಲುವುದಿಲ್ಲ, ಐದು ಬಾಗಿಲಿನಿಂದ ಒಳಗೆ ಬರುತ್ತದೆ: ತಾಯಿಯ ವಯಸ್ಸು ಮತ್ತು ಹೆರಿಗೆಗಳ ನಡುವಿನ ಅಂತರ, ನೀರು-ಗಾಳಿ-ಕೈಯ ಹೊಲಸು, ಊಟದ ಕೊರತೆ, ಪೆಟ್ಟು-ಅಪಘಾತ, ಮತ್ತು ಕಾಯಿಲೆಯನ್ನು ತಡೆಯುವ, ತೋರಿಸುವ ರೀತಿ. ಆಮೇಲಿಂದ ನಾನು ಹೊಸಿಲು ದಾಟಿದ ಕೂಡಲೆ ಐದು ಬಾಗಿಲು ಎಣಿಸುತ್ತಿದ್ದೆ. ಪುಸ್ತಕದ ಉಳಿದ ಹಾಳೆಗಳು ಅವೇ.

ಎರಡನೇ ಹಾಳೆ ಬಸುರಿಯದು. ಕೊನೆಯ ಮುಟ್ಟು ಶುರುವಾದ ತಾರೀಖು, ಪ್ರತಿ ತಪಾಸಣೆಯ ತೂಕ, ರಕ್ತದ ಅಂಶ (ಹಿಮೋಗ್ಲೋಬಿನ್). ರಕ್ತ 11 ಗ್ರಾಂಗಿಂತ ಕೆಳಗಿದ್ದರೆ ಕೊರತೆ, 7ಕ್ಕಿಂತ ಕೆಳಗಿದ್ದರೆ ಅಪಾಯ, ಅದೇ ವಾರ ದೊಡ್ಡಾಸ್ಪತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತ ಕಡಿಮೆ. ಕಬ್ಬಿಣದ ಗುಳಿಗೆ 180, ಊಟವಾದ ಮೇಲೆ, ಚಹಾದ ಜೊತೆ ಅಲ್ಲ. ನುಂಗಿದ ದಿನಕ್ಕೊಂದು ಗೆರೆ ಎಳೆಯಿರಿ. ಗೆರೆ ಎಣಿಸಿದರೆ ಸುಳ್ಳು ಗೊತ್ತಾಗುತ್ತದೆ.

ಊಟದ ಲೆಕ್ಕವೂ ಇಲ್ಲೇ. ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ಯಾರ ಪಾಲು ಅಂತ ನಮಗೆಲ್ಲ ಗೊತ್ತು. ಪಲ್ಲೆ ಆಗ ತಳ ಕಂಡಿರುತ್ತದೆ, ಕಾಳು ಮೊದಲೇ ಮೇಲಿಂದ ಹೋಗಿರುತ್ತದೆ. ಬಸುರಿ ಮೊದಲ ಪಂಕ್ತಿಯಲ್ಲೇ ಉಣ್ಣಲಿ, ಗಂಡಸರ ಜೊತೆಗೇ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ನನ್ನ ನೌಕರಿಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಕೆಲಸ ಇದೇ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟವಿದೆ. ‘ಸೊಸಿ ದಿನಾ ಹೊರಗ ಉಂಡು ಬಂದ್ರ ಓಣ್ಯಾಗ ಏನಂತಾರ’ ಎನ್ನುವ ಅತ್ತೆಯರಿಗೆ ನಾನು ಹೇಳುತ್ತಿದ್ದದ್ದು: ‘ನೀವೂ ಜೊತೀಗೆ ಹೋಗ್ರಿ, ಗುಡೀಗೆ ಹೋದಂಗ.’ ಇಬ್ಬರು ಹೋದರು. ಉಳಿದವರು ನಕ್ಕರು.

ಕುಬಸದ, ಅಂದರೆ ಸೀಮಂತದ ಬಗ್ಗೆ ಒಂದು ಮಾತು ಹೇಳಿ ಬಯ್ಸಿಕೊಳ್ಳುತ್ತೇನೆ. ಸೀರೆ, ಕುಬಸ, ಐದು ತರದ ಸಿಹಿ, ಟ್ರ್ಯಾಕ್ಸಿನಲ್ಲಿ ಬರುವ ಮಂದಿ, ಎಲ್ಲ ಚೆಂದ. ಆದರೆ ಅದಕ್ಕೆಂದು ನೂರಕ್ಕೆ ಮೂರರ ಬಡ್ಡಿಗೆ ಸಾಲ ಎತ್ತಿ, ಎಂಟನೇ ತಿಂಗಳಲ್ಲಿ ಸ್ಕ್ಯಾನಿಂಗಿಗೆ ‘ಕೈಯಾಗ ಇಲ್ರಿ’ ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಬಂದವರು ಕವರು ಕೊಟ್ಟರೆ ಅಷ್ಟನ್ನೂ ಕೂಸಿನ ಡಬ್ಬಿಗೆ ಹಾಕಿ. ಟಿ.ವಿ.ಯಲ್ಲಿ ಬರುವ ಶಕ್ತಿಪುಡಿಯ ಡಬ್ಬಿಯೂ ಬೇಡ, ಅದೇ ದುಡ್ಡಿಗೆ ತಿಂಗಳ ಮೊಟ್ಟೆ ಬರುತ್ತವೆ. ಮೊಟ್ಟೆ ತಿನ್ನದ ಮನೆಯಲ್ಲಿ ಶೇಂಗಾ, ಮೊಳಕೆ ಹೆಸರುಕಾಳು, ಹಾಲು, ಹತ್ತರಕಿ ಪಲ್ಲೆ.

ಒಂದು ಹೆರಿಗೆಯಾಗಿ ಮತ್ತೆ ಬಸುರಾಗಲು ಕನಿಷ್ಠ ಎರಡು ವರ್ಷ ಇರಲಿ. ಬೇಗ ಬಂದ ಎರಡನೆಯದು ಹಗುರಾಗಿ ಹುಟ್ಟುತ್ತದೆ, ಮೊದಲನೆಯದರ ಹಾಲು ತಪ್ಪುತ್ತದೆ; ಒಂದೇ ಗಂಗಾಳಕ್ಕೆ ಇಬ್ಬರು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಿದ ಮನೆಯಲ್ಲಿ ಈ ಹಾಳೆ ಬರೆಯುವ ಹೊತ್ತಿಗೇ ತಡವಾಗಿರುತ್ತದೆ, ಅಷ್ಟೇ ಹೇಳುತ್ತೇನೆ.

ಮೂರನೇ ಹಾಳೆ ಮೊದಲ 28 ದಿನದ್ದು, ಇದನ್ನು ಎರಡು ಸಲ ಓದಿ. 2022ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬದೆ ಹೋದ ಮಕ್ಕಳು ಸುಮಾರು 49 ಲಕ್ಷ. ಅದರಲ್ಲಿ 23 ಲಕ್ಷ ಮಕ್ಕಳು ತಿಂಗಳೊಳಗೇ ಹೋದವರು. ಅದೇ ಕುಟುಂಬ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಜೀವಂತ ಹುಟ್ಟಿದ ಸಾವಿರ ಮಕ್ಕಳಿಗೆ ಐದರೊಳಗೆ ತೀರಿದವರು 29.5, ಅವರಲ್ಲಿ ಮೊದಲ ತಿಂಗಳಲ್ಲೇ ಹೋದವರು 15.8. ಕೇರಳದಲ್ಲಿ ಐದರೊಳಗೆ ಸುಮಾರು 5, ಉತ್ತರ ಪ್ರದೇಶದಲ್ಲಿ ಸುಮಾರು 60. ದೇಶ ಒಂದೇ.

ಈ ತಿಂಗಳಲ್ಲಿ ಬೇಕಾದ ಹೆಚ್ಚಿನದಕ್ಕೆ ರೊಕ್ಕ ಬೇಡ. ಹುಟ್ಟಿದ ತಾಸಿನೊಳಗೆ ಎದೆಹಾಲು. ಹಳದಿ ಬಣ್ಣದ ಮೊದಲ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಬೇಡಿ, ಅದು ಕೂಸಿನ ಮೊದಲ ಲಸಿಕೆ. ಜೇನುತುಪ್ಪ, ಸಕ್ಕರೆ ನೀರು, ಘುಟ್ಟಿ ಬೇಡ. ಮೊದಲ ದಿನ ಮೈಗೆ ನೀರು ಎರೆಯಬೇಡಿ. ಹೊಕ್ಕುಳಕ್ಕೆ ಎಣ್ಣೆ, ಬೂದಿ ಹಚ್ಚಬೇಡಿ. ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಬರಿ ಮೈಯ ಕೂಸನ್ನು, ತಲೆಗೆ ಟೊಪ್ಪಿಗೆ ಹಾಕಿ, ತಾಯಿಯ ಎದೆಯ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಮೇಲೆ ಸೀರೆ ಬಿಗಿದು ಕಟ್ಟಿ. ತಾಯಿಗೆ ದಣಿವಾದರೆ ತಂದೆಯ ಎದೆಯೂ ಅಷ್ಟೇ ಬೆಚ್ಚಗೆ. ಮೊದಮೊದಲು ಗಂಡಸರು ನಾಚುತ್ತಾರೆ. ಶಿರಹಟ್ಟಿ ಕಡೆ ಒಬ್ಬ ಕುರಿ ಕಾಯುವವನಿಗೆ ಇದನ್ನು ಹೇಳಿದಾಗ, ‘ಮಳ್ಯಾಗ ಈದ ಮರೀನ ಕಂಬಳ್ಯಾಗ ಹಿಂಗ ಇಟಗೊಂತೀವಲ್ರಿ’ ಅಂದ. ಮತ್ತೆ ಕಲಿಸುವ ಕೆಲಸ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಬಂದ ದಿನ ಅವರ ಮುಂದೆಯೇ ತೂಕ ಬರೆಸಿ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ: ಹಾಲು ಚೀಪುವುದು ಬಿಟ್ಟಿತು, ಮೈ ತಣ್ಣಗಾಯಿತು ಅಥವಾ ಕಾದಿತು, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಪಕ್ಕೆ ಜಗ್ಗುತ್ತಿವೆ, ಝಟಕೆ ಬಂತು, ಅಂಗೈ-ಅಂಗಾಲು ಹಳದಿಯಾದವು, ಹೊಕ್ಕುಳ ಕೆಂಪಾಗಿ ಕೀವು ಬಂತು. ಒಂದು ಕಂಡರೂ ಡಬ್ಬಿಯ ರೊಕ್ಕ ಎತ್ತಿಕೊಳ್ಳಿ, 108ಕ್ಕೆ ಫೋನು ಹಚ್ಚಿ. ಹೊಟ್ಟೆ ಉಬ್ಬಿತೆಂದು ಬರೆ ಹಾಕಿಸಲು ಹೋಗುವುದು ಇನ್ನೂ ನಿಂತಿಲ್ಲ. ಬರೆ ಹಾಕುವವನು ಎಲೆ-ಅಡಿಕೆ, ಹನ್ನೊಂದು ರೂಪಾಯಿ ತಗೊಳ್ಳುತ್ತಾನೆ, ಅದಕ್ಕೇ ಅವನ ಬಾಗಿಲು ಹತ್ತಿರ. ದಾರಿ ಅವನ ಮನೆಗೆ ಐದು ನಿಮಿಷ, ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಒಂದೂವರೆ ತಾಸು.

ನಂತರದ ಹಾಳೆಗಳು ನೀರು ಮತ್ತು ಹೊಗೆಯವು. ನನ್ನ ತಂಗಿ ಹಳೇ ಹುಬ್ಬಳ್ಳಿಯಲ್ಲಿದ್ದಾಳೆ. ವಾರಕ್ಕೊಮ್ಮೆ ಮಲಪ್ರಭಾ ನೀರು ಬಂದರೆ ಡ್ರಮ್ಮು, ಕೊಡ, ಬಕೀಟು, ಕುಕ್ಕರಿನ ತನಕ ತುಂಬಿಡುವ ಮನೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ತಾಸು ನೀರು ಕೊಟ್ಟ ಮೇಲೆ ಆ ವಾರ್ಡುಗಳನ್ನೂ ಉಳಿದವನ್ನೂ ಹೋಲಿಸಿ ಸಂಶೋಧಕರು ಸಾವಿರಾರು ಮನೆ ಸುತ್ತಿದ್ದರು, ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಕಡಿಮೆ ಇತ್ತು, ಟೈಫಾಯಿಡ್ ಕಂಡ ಮನೆಗಳೂ ಕಡಿಮೆ. ನನಗೆ ಇದು ಆಶ್ಚರ್ಯವಲ್ಲ. ಅನುಕೂಲಸ್ಥರು ನಳ ಯಾವಾಗ ಬಂದರೂ ಶುದ್ಧ ಮಾಡುವ ಮಶೀನು ಇಟ್ಟಿರುತ್ತಾರೆ. ಬಡವರ ಮನೆಯಲ್ಲಿ ನಳ ಕೆಟ್ಟರೆ ಹೊಟ್ಟೆಯೂ ಕೆಟ್ಟಂತೆ. ನಿಮ್ಮ ಕೈಲಿರುವುದು ಇಷ್ಟು: ಕುಡಿಯುವ ನೀರಿಗೆ ಮುಚ್ಚಳದ ಕೊಡ, ಉದ್ದ ಹಿಡಿಕೆಯ ಸೌಟು, ಕೈ ಅದ್ದುವಂತಿಲ್ಲ, ಎರಡು ವರ್ಷದೊಳಗಿನ ಕೂಸಿಗೆ ಕುದಿಸಿದ ನೀರು, ಕೂಸಿನ ಹೇಲು ಬಳಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು. ಆರು ತಿಂಗಳವರೆಗೆ ನೀರೇ ಬೇಡ, ಎದೆಹಾಲು ಸಾಕು.

ಭೇದಿ ಶುರುವಾದರೆ ಓ.ಆರ್.ಎಸ್. ಪಾಕೀಟು ಉಪಕೇಂದ್ರದಲ್ಲಿ, ಆಶಾ ಹತ್ತಿರ ಪುಕ್ಕಟೆ. ಕಲಸುವುದರಲ್ಲೇ ತಪ್ಪುತ್ತಾರೆ. ಒಬ್ಬಳು ತಾಯಿ ಲೋಟಕ್ಕೆ ಒಂದು ಚಮಚ ಪುಡಿ ಹಾಕಿ, ಉಳಿದದ್ದನ್ನು ಮಡಚಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು, ‘ಉಳಸೂಣು’ ಅಂತ. ಇಲ್ಲಿ ಉಳಿತಾಯ ಬೇಡ. ಲೀಟರಿನ ಖಾಲಿ ಬಾಟಲಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿ, ಚರಿಗೆಗೆ ಸುರಿದು, ಇಡೀ ಪಾಕೀಟು ಒಮ್ಮೆಲೇ ಹಾಕಿ ಕರಗಿಸಿ. ಒಂದು ಹನಿ ನಾಲಿಗೆಗೆ ಇಟ್ಟು ನೋಡಿ: ಕಣ್ಣೀರಿನ ಉಪ್ಪಿಗಿಂತ ಹೆಚ್ಚು ಇರಬಾರದು. ಎರಡು ವರ್ಷದೊಳಗಿನದಕ್ಕೆ ಪ್ರತಿ ಭೇದಿಗೆ ಅರ್ಧ ಚಹಾ ಲೋಟ, ಚಮಚದಿಂದ, ನಿಧಾನ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಕಲಸಿದ್ದು ಮರುದಿನ ಚೆಲ್ಲಿ. ಜೊತೆಗೆ ಜಿಂಕ್ ಗುಳಿಗೆ 14 ದಿನ: ಆರು ತಿಂಗಳ ಮೇಲಿನದಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳದ್ದಕ್ಕೆ ಅದರ ಅರ್ಧ. ಅಂಗಡಿಯಲ್ಲಿ ಕೊಳವೆ ಚುಚ್ಚಿ ಕುಡಿಯುವ ಸಿಹಿ ಪಾಕೀಟು ಓ.ಆರ್.ಎಸ್. ಅಲ್ಲ.

‘ಸಲಾಯಿನ್ ಹಚ್ಚಿದ್ರ ಲಗೂನ ಆರಾಮಾಗತೈತಿ’ ಎಂದು ಎಂಟುನೂರು ರೂಪಾಯಿ ಕೊಟ್ಟು ಬರುವವರಿಗೆ ನಾನು 1971ರ ಮಾತು ಹೇಳುತ್ತಿದ್ದೆ. ಪಶ್ಚಿಮ ಬಂಗಾಳದಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಬಾಟಲಿ ಮುಗಿದಾಗ, ಡಾಕ್ಟರ್ ದಿಲೀಪ್ ಮಹಲಾನಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮಿನಲ್ಲಿ ಕಲಸಿ, ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕಣ್ಣು ಗುಳಿ ಬಿದ್ದು, ಕುಡಿಯಲಾರದೆ, ಎಚ್ಚರ ತಪ್ಪುವಂತಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ಆಸ್ಪತ್ರೆಗೆ ಓಡಿ. ಕುಡಿಯಲಾರದ ಕೂಸಿಗೆ ಸಲಾಯಿನ್ ಬೇಕೇ ಬೇಕು.

ಹೊಗೆ: ಗ್ಯಾಸು ಬಂದಿದೆ, ಆದರೆ ನೀರೊಲೆಗೆ ಇನ್ನೂ ಹತ್ತಿಕಟ್ಟಿಗೆ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಅಗ್ಗಿಷ್ಟಿಗಿ, ಮೇಲೆ ಲೋಬಾನ. ಕೂಸನ್ನು ಬೆಚ್ಚಗಿಡಿ, ಹೊಗೆಯಲ್ಲಿ ಬೇಡ. ಕೆಮ್ಮು ಬಂದರೆ ಮಲಗಿದ್ದಾಗ ಉಸಿರು ಎಣಿಸಿ: ಎರಡು ತಿಂಗಳಿಂದ ವರ್ಷದೊಳಗೆ ನಿಮಿಷಕ್ಕೆ 50, ವರ್ಷದಿಂದ ಐದರವರೆಗೆ 40. ಅಷ್ಟಾದರೆ ಅದೇ ದಿನ ತೋರಿಸಿ. ಮೊಬೈಲಿನಲ್ಲೇ ಗಡಿಯಾರ ಇದೆ. ಲಸಿಕೆಯ ತಾರೀಖುಗಳನ್ನು ತಾಯಿ ಕಾರ್ಡಿನಿಂದ ನೋಡಿ ಇಲ್ಲೇ ಬರೆದುಕೊಳ್ಳಿ.

ಮೆಣಸಿನಕಾಯಿ ಸುಗ್ಗಿಯ ಬಗ್ಗೆ ಹೇಳದೆ ಬ್ಯಾಡಗಿಯ ಮಾತು ಮುಗಿಯುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಹೆಣ್ಣುಮಕ್ಕಳಿಗೆ ತೊಟ್ಟು ಬಿಡಿಸುವ ಕೆಲಸ, ಕಿಲೋ ಲೆಕ್ಕದ ಕೂಲಿ. ವರ್ಷದಲ್ಲಿ ಅವರ ಕೈಗೆ ಅವರದೇ ರೊಕ್ಕ ಬರುವ ಕಾಲ ಅದೊಂದೇ. ಅದೇ ಮೂರು ತಿಂಗಳಲ್ಲಿ ನನ್ನ ರಿಜಿಸ್ಟರಿನಲ್ಲಿ ಮಕ್ಕಳ ತೂಕ ಇಳಿಯುತ್ತಿತ್ತು. ಎಂಟು ತಿಂಗಳ ಕೂಸನ್ನು ಏಳು ವರ್ಷದ ಅಕ್ಕನ ಸೊಂಟಕ್ಕೆ ಕೊಟ್ಟು ಹೋಗುತ್ತಾರೆ. ಅಕ್ಕನಿಗೆ ಉಣಿಸಲು ಬರುವುದಿಲ್ಲ, ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುತ್ತಾಳೆ. ಕೆಲಸ ಬಿಡಿ ಅಂತ ನಾನು ಯಾರಿಗೂ ಹೇಳಲಿಲ್ಲ, ಆ ರೊಕ್ಕವೇ ಕೂಸಿನ ಡಬ್ಬಿಗೆ ಬರಬೇಕಾದದ್ದು. ಐದು ತಾಯಂದಿರು ಕೂಡಿ ಒಬ್ಬ ಅಜ್ಜಿಗೆ ದಿನಕ್ಕೆ ಇಷ್ಟು ಅಂತ ಕೊಟ್ಟು ಮಕ್ಕಳನ್ನು ಬಿಡುವಂತೆ ಮಾಡಿದೆವು. ನುಣ್ಣಗೆ ಬೀಸಿದ ಜೋಳ-ಹೆಸರಿನ ಹಿಟ್ಟಿನ ಗಂಜಿ, ಮೇಲೆ ಶೇಂಗಾ ಪುಡಿ, ಒಂದು ಚಮಚ ಎಣ್ಣೆ, ದಿನಕ್ಕೆ ಮೂರು ಸಲ. ಮೆಣಸಿನ ಕೈ ತೊಳೆಯದೆ ಹಾಲು ಕೊಡಬೇಡಿ ಅಂತ ಅಜ್ಜಿಯೇ ತಾಯಂದಿರನ್ನು ಗದರುತ್ತಿದ್ದಳು.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ, ತೋಳಿನ ಪಟ್ಟಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಕೆಂಪು, ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ತಾಯಿಗೆ ಕೂಲಿ ತಪ್ಪಿದ್ದಕ್ಕೆ ಒಂದಿಷ್ಟು ಪರಿಹಾರವೂ ಇದೆ, ಕೇಳಿ ಪಡೆಯಿರಿ.

ಅಪಘಾತದ ಹಾಳೆ ಸಣ್ಣದು: ಕೃಷಿಹೊಂಡಕ್ಕೆ ಬೇಲಿ, ಬೆಳೆಗೆ ಹೊಡೆಯುವ ಔಷಧಿ ಬಾಟಲಿ ಗೋಡೆಯ ಗೂಡಿನಲ್ಲಲ್ಲ, ಕೀಲಿ ಒಳಗೆ. ಎರೆಯುವ ಹಂಡೆಯ ಹತ್ತಿರ ನಡೆಯಲು ಕಲಿತ ಕೂಸನ್ನು ಬಿಡಬೇಡಿ.

ಕೊನೆಯ ಹಾಳೆಗೆ ದಾರಿಯ ಲೆಕ್ಕ. ರೋಣ, ನರಗುಂದದ ಎರೆಮಣ್ಣು ಗೊತ್ತಿದ್ದವರಿಗೆ ಇದು ಹೇಳಬೇಕಿಲ್ಲ. ಮಳೆ ಬಿದ್ದರೆ 108 ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ, ಹೊಲದ ಮನೆಗೆ ಬರುವುದಿಲ್ಲ. ಎಂಟನೇ ತಿಂಗಳಲ್ಲಿ ಒಂದು ಸಂಜೆ, ಮಳೆಯಾದ ಮರುದಿನ, ಮನೆಯಿಂದ ಡಾಂಬರಿನ ತನಕ ನಡೆದು ನೋಡಿ. ಐದು ಕಿಲೋ ಜೋಳದ ಚೀಲ ಹೆಗಲಿಗೆ ಹಾಕಿಕೊಂಡು. ಎಷ್ಟು ನಿಮಿಷ ಎಂದು ಬರೆಯಿರಿ. ಒಬ್ಬ ಮಾವ ನನ್ನ ಮಾತಿಗೆ ನಗುತ್ತ ಹೊರಟು, 40 ನಿಮಿಷಕ್ಕೆ ರಸ್ತೆ ಮುಟ್ಟಿ, ಒಂದು ಚಪ್ಪಲಿ ಕೆಸರಿನಲ್ಲಿ ಬಿಟ್ಟು ವಾಪಸು ಬಂದ. ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತ ಹೆಂಡತಿಗೆ, ‘ಸೊಸೀನ ಈ ಅಮಾಸಿ ಮುಂದ ತವರಮನಿಗೆ ಕಳಸ, ಅವರ ಮನಿ ರಸ್ತೇದ ಮ್ಯಾಲ ಐತಿ’ ಅಂದ. ಪುಸ್ತಕದಲ್ಲಿ 40 ಅಂತ ಅವನೇ ಬರೆದ, ಪಕ್ಕದಲ್ಲಿ ಚಪ್ಪಲಿಯ ಬೆಲೆಯನ್ನೂ.